ಹೊಸ ಮೂಳೆಗೆ ರಕ್ತ ಬರುವ ತನಕ

ಮೊದಲು ಕಂಡಿದ್ದು ಸೀರೆಯ ಅಂಚಿನಲ್ಲಿ ಒಂದು ಹಳದಿ ಕಲೆ. ಅರಿಶಿನ ಇರಬೇಕು ಎಂದುಕೊಂಡು ಉಜ್ಜಿ ತೊಳೆದೆ. ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಕಲೆ. ಸೀರೆ ಎತ್ತಿ ನೋಡಿದರೆ ಮೊಣಕಾಲ ಕೆಳಗೆ, ಹಳೆಯ ಹೊಲಿಗೆಯ ಪಕ್ಕ, ಸಾಸಿವೆ ಕಾಳಿನಷ್ಟು ತೂತು. ಅದರಿಂದ ಕೀವು ಸೋರುತ್ತಿತ್ತು.

ಹಿಂದಿನ ವರ್ಷ ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಬಿದ್ದು ಆ ಕಾಲು ಮುರಿದಿತ್ತು. ಒಳಗೆ ರಾಡ್ ಹಾಕಿದ್ದರು. ಆಮೇಲೆ ನಡೆದಾಡುತ್ತಿದ್ದೆ, ಮುದ್ದೆ ಕಟ್ಟುತ್ತಿದ್ದೆ, ಯಜಮಾನರ ಮೇಲೆ ರೇಗುತ್ತಿದ್ದೆ. ಎಲ್ಲ ಸರಿಹೋಯಿತು ಎಂದೇ ನಂಬಿದ್ದೆ.

ತಿಪಟೂರಿನಲ್ಲಿ ಎಕ್ಸ್‌ರೇ ತೆಗೆಸಿ, ಅಲ್ಲಿ ಹೇಳಿದಂತೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಇಷ್ಟು ಭಾಗದ ಮೂಳೆ ಸತ್ತುಹೋಗಿದೆ ಎಂದರು.

ನಾನು ಬದುಕಿದ್ದೇನೆ. ನನ್ನ ಮೂಳೆ ಸತ್ತಿದೆ.

ಅವರು ಮುಂದೆ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಯಜಮಾನರು ಹೊರಗೆ ಬೆಂಚಿನ ಮೇಲೆ ಕೂರಿಸಿ ಮತ್ತೊಮ್ಮೆ ಹೇಳಬೇಕಾಯಿತು. ಸತ್ತ ಮೂಳೆಯನ್ನು ಕತ್ತರಿಸಿ ತೆಗೆಯಲೇಬೇಕು. ತೆಗೆದರೆ ಬೆರಳುದ್ದ ಜಾಗ ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಆಗದಿದ್ದರೆ ಮೊಣಕಾಲ ಕೆಳಗೆ ಕಾಲನ್ನೇ ತೆಗೆಯುವುದು.

ತುಂಬುವ ದಾರಿ ಒಂದಿತ್ತು, ಅದು ಹೊಸದು. ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿನ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಮೂಳೆಯ ಆಕಾರದ ಒಂದು ಅಚ್ಚಿಗೆ ತುಂಬಿ ಕಾಲಿನೊಳಗೆ ಕೂರಿಸುತ್ತಾರಂತೆ. ಅದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಡಾಕ್ಟರು ಒಂದು ಮಾದರಿಯನ್ನು ಕೈಗೆ ಕೊಟ್ಟರು. ಬೆಳ್ಳಗೆ, ಹಗುರ, ಖಾಲಿದೋಸೆಯ ಹಾಗೆ ಮೈತುಂಬ ತೂತು. ಆ ತೂತುಗಳೊಳಗೆ ಸಣ್ಣ ಸಣ್ಣ ರಕ್ತನಾಳ ಬೆಳೆದು ನುಗ್ಗಬೇಕು. ರಕ್ತದಿಂದ ಒಂದೆರಡು ಕೂದಲೆಳೆಯಷ್ಟು ದೂರ ಉಳಿದರೂ ಒಳಗಿನ ಜೀವಕೋಶ ಸಾಯುತ್ತದೆ. ಮೂಳೆ ಮಾಡುವುದು ಕಷ್ಟವಲ್ಲ, ಅದಕ್ಕೆ ರಕ್ತ ತರಿಸುವುದೇ ಕಷ್ಟ ಎಂದರು. ಸಸಿ ನೆಡುವುದು ಸುಲಭ, ನೀರು ಹಾಯಿಸುವುದು ಕಷ್ಟ. ತೋಟದವರಿಗೆ ಅಷ್ಟು ಹೇಳಿದರೆ ಸಾಕು.

ಆಪರೇಷನ್ನಿಗೆ ಮುಂಚೆ ಚಟಗಳ ವಿಚಾರ ಕೇಳಿದರು. ಸಿಗರೇಟು, ಬೀಡಿ, ಕುಡಿತ? ನನಗೆ ನಗು ಬಂತು. ತಂಬಾಕು? ಇಲ್ಲವೇ ಇಲ್ಲ ಎಂದರು ಯಜಮಾನರು. ನಾನೂ ತಲೆಯಾಡಿಸಿದೆ. ನಾವು ಸುಳ್ಳು ಹೇಳಲಿಲ್ಲ. ದೇವರಾಣೆಗೂ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಊರಿಗೆ ಬಂದೆ. ಮೂಳೆ ಅಲುಗದಂತೆ ಕಾಲಿನ ಸುತ್ತ ಕಬ್ಬಿಣದ ಬಳೆಗಳನ್ನು ಬಿಗಿದಿದ್ದರು. ನೋಡಲು ಜನವೋ ಜನ. ತುರುವೇಕೆರೆ ಕಡೆಯ ಬೀಗರು, ಕೊಬ್ಬರಿ ಮಂಡಿಯವರು, ಪಕ್ಕದ ತೋಟದವರು. ನಮ್ಮ ಕಡೆ ಬಂದವರನ್ನು ಎಲೆಯಡಿಕೆ ಕೊಡದೆ ಕಳಿಸುವುದುಂಟೆ? ನನ್ನ ಮಂಚದ ಪಕ್ಕದಲ್ಲೇ ತಟ್ಟೆ ಇಟ್ಟಿದ್ದೆವು. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಬಂದವರು ಹಾಕಿಕೊಳ್ಳುವಾಗ ನನಗೂ ಒಂದು ಮಡಿಸಿ ಕೊಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ನನ್ನ ಅಕ್ಕ ಗಂಗಮ್ಮ. ಚಿಕ್ಕನಾಯಕನಹಳ್ಳಿಯಿಂದ ವಾರವಾರವೂ ಬಸ್ಸು ಹತ್ತಿ ಬರುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ, ಖಾನೆ ಖಾನೆಯ ಬಟ್ಟೆ ಸಂಚಿ ತೆಗೆದು, ಎಲೆಯ ನಾರು ಬಿಡಿಸಿ, ನನಗೆ ಬೇಕಾದ ಹದಕ್ಕೆ ಮಡಿಸಿ ಬಾಯಿಗೇ ಇಡುತ್ತಿದ್ದಳು. ನನ್ನ ಬಾಣಂತನದಲ್ಲಿ ಹಲ್ಲುನೋವಿಗೆಂದು ಮೊದಲು ಕಡ್ಡಿಪುಡಿ ಹಾಕಿದ್ದೂ ಅವಳೇ. ಅವಳು ಬಾಯಿಗಿಟ್ಟ ಹೊತ್ತು ಕಾಲಿನ ನೋವೆಲ್ಲ ಎಲ್ಲಿಗೋ ಹೋಗುತ್ತಿತ್ತು.

ಹೇಳಿದ ಸಮಯಕ್ಕೆ ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅಚ್ಚಿನ ಎರಡು ತುದಿಯಲ್ಲಿ ಕೆಂಪು ಎಳೆಗಳು. ನಡುವೆ ಪೂರ್ತಿ ಕಪ್ಪು.

ರಕ್ತ ಬಂದಿರಲಿಲ್ಲ.

ಶುಗರ್ ಇಲ್ಲ, ಸೋಂಕು ಇಲ್ಲ. ಅವರಿಗೂ ದಿಗಿಲಾದದ್ದು ಮುಖದಲ್ಲೇ ಕಾಣುತ್ತಿತ್ತು. ಬೆಳಿಗ್ಗೆಯಿಂದ ರಾತ್ರಿ ತನಕ ಏನೇನು ತಿನ್ನುತ್ತೀರಿ, ಒಂದೂ ಬಿಡದೆ ಹೇಳಿ ಎಂದರು. ನಾನು ಹೆಮ್ಮೆಯಿಂದಲೇ ಶುರುಮಾಡಿದೆ. ಕಾಫಿ, ಎಲೆಯಡಿಕೆ, ರೊಟ್ಟಿ, ಎಲೆಯಡಿಕೆ, ಮುದ್ದೆ, ಸೊಪ್ಪಿನ ಸಾರು, ಎಲೆಯಡಿಕೆ. ಅವರು ಕೈಯೆತ್ತಿ ತಡೆದರು.

“ಎಲೆಯಡಿಕೆಗೆ ಏನೇನು ಹಾಕ್ತೀರಮ್ಮ?”

“ಸುಣ್ಣ. ಒಂಚೂರು ಕಡ್ಡಿಪುಡಿ.”

“ಕಡ್ಡಿಪುಡಿ ತಂಬಾಕಲ್ವೇನಮ್ಮ?”

ತಂಬಾಕಿನ ಕಡ್ಡಿಯ ಪುಡಿಯೇ ಅದು. ಹೊಸದಾಗಿ ತಿಳಿಯುವಂಥದ್ದೇನೂ ಇರಲಿಲ್ಲ. ಆದರೂ ಬೀಡಿ ಸೇದುವವರನ್ನು ಬೈಯುತ್ತ ಬಂದ ನನಗೆ, ದೇವರ ಮುಂದೆ ಇಡುವ ಎಲೆಯಡಿಕೆಯ ಜೊತೆಗಿದ್ದದ್ದು ಚಟ ಎಂದು ಒಂದು ದಿನವೂ ಅನಿಸಿರಲಿಲ್ಲ. ಯಜಮಾನರು ನೆಲ ನೋಡುತ್ತ ಕೂತಿದ್ದರು. ಅವರ ಜೇಬಿನಲ್ಲೂ ಒಂದು ಪೊಟ್ಟಣವಿತ್ತು.

ತಂಬಾಕು ರಕ್ತನಾಳವನ್ನು ಹಿಂಡುತ್ತದೆ, ಹೊಸ ನಾಳ ಚಿಗುರಲು ಬಿಡುವುದಿಲ್ಲ ಎಂದರು ಡಾಕ್ಟರು. ಇದೊಂದೇ ಕಾರಣ ಎಂದು ಹೇಳಲಾರೆ, ಆದರೆ ಇದನ್ನು ಇಟ್ಟುಕೊಂಡು ಕಾಲು ಉಳಿಸಲೂ ಆರೆ ಎಂದರು. ಇನ್ನೊಂದು ಸ್ಕ್ಯಾನ್ ತನಕ ಕಾಯುತ್ತಾರೆ. ಆಗಲೂ ನಡುವೆ ಕಪ್ಪಾಗಿಯೇ ಇದ್ದರೆ ಕಾಲು ತೆಗೆಯುವುದು.

ಊರು ಸೇರುವವರೆಗೂ, ನೋಡಲು ಬಂದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಎಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ?

ಸಿಟ್ಟು ಮಾತ್ರ ಬಂತು. ಕಡ್ಡಿಪುಡಿ ಬಿಟ್ಟ ಮಾರನೆಯ ದಿನದಿಂದಲೇ ತಲೆ ಸಿಡಿಯಿತು, ಲೋಟ ಎಸೆದೆ. ಸಾರಿಗೆ ಉಪ್ಪಿಲ್ಲವೆಂದು ಬೈದೆ. ಉಪ್ಪು ಸರಿಯಾಗಿಯೇ ಇತ್ತು. ಯಜಮಾನರು ನಾನೂ ಬಿಟ್ಟೆ ಎಂದು ಘೋಷಿಸಿ ತೆಂಗಿನ ಮರದ ಹಿಂದೆ ಹೋಗಿ ಹಾಕಿಕೊಂಡು ಬಂದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಮನೆಯವರಿಗೆ ಗೊತ್ತಾಗುವುದಿಲ್ಲವೇ? ವಾಸನೆ ಹಿಡಿದು ಉಗಿದೆ. ಆಮೇಲೆ ನಿಜವಾಗಿಯೂ ಬಿಟ್ಟರು.

ಅಕ್ಕನಿಗೆ ಹೇಳುವುದೇ ಕಷ್ಟವಾಯಿತು. ಅವಳು ಬಂದು, ಮಂಚದ ಮೇಲೆ ಕೂತು, ಎಂದಿನಂತೆ ಸಂಚಿ ಬಿಚ್ಚಿದಳು. ನಾನು ಅವಳ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಅವಳು ನನ್ನ ಕಾಲನ್ನೇ ನೋಡಿದಳು.

“ಹಂಗಾರೆ ನಿನ್ ಕಾಲ್ ತಿಂದೋಳು ನಾನೇ ಏನೇ?”

“ಬುಡಕ್ಕ, ನಿಂಗೇನ್ ಗೊತ್ತಿತ್ತು. ನಂಗೂ ಗೊತ್ತಿರ್ಲಿಲ್ಲ.”

ಅವಳು ಎದ್ದುಹೋಗಿ ಸಂಚಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಬಂದಳು. ಕೈಗೆ ಕೆಲಸವಿಲ್ಲದೆ ಸೆರಗನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಎಲೆಯಡಿಕೆ ಇಲ್ಲದೆ ನಾವಿಬ್ಬರೂ ಜೊತೆಗೆ ಕೂತದ್ದೇ ಇಲ್ಲವಲ್ಲ ಎಂದು ಅನಿಸಿ ಅಳು ಬಂತು. ಬಸ್ಸಿಗೆ ಹೊತ್ತಾಯಿತೆಂದು ಬೇಗನೆ ಹೊರಟಳು. ಅವಳು ಹೋದಮೇಲೆ ನೋಡಿದರೆ ಸಂಚಿ ಮೊಳೆಯಲ್ಲೇ ಇತ್ತು.

ಸಂಚಿ ಬಿಟ್ಟು ಅವಳು ಬಸ್‌ಸ್ಟ್ಯಾಂಡ್ ತನಕವೂ ಹೋದವಳಲ್ಲ. ಗಾಬರಿಯಾಗಿ ಫೋನ್ ಮಾಡಿದೆ.

“ಅಕ್ಕ, ಸಂಚಿ ಮರ್ತೋಗಿದ್ದೀಯ.”

“ಮರ್ತಿಲ್ಲ ಕಣೇ. ಅಲ್ಲೇ ಇರ್ಲಿ ಬುಡು.”

ಮುಂದಿನ ಸ್ಕ್ಯಾನಿನಲ್ಲಿ ಕಪ್ಪಿನ ನಡುವೆ ಕೆಂಪು ಎಳೆಗಳು ಕಂಡವು. ದಾರದಷ್ಟು ತೆಳು. ಎಣಿಸಿದರೆ ಒಂದು ಕೈಯ ಬೆರಳಷ್ಟೂ ಇಲ್ಲ. ಡಾಕ್ಟರು ನಗಲಿಲ್ಲ, ಆದರೆ ಕಾಲು ತೆಗೆಯುವ ಮಾತನ್ನೂ ಆಡಲಿಲ್ಲ. ಇನ್ನೂ ಎಷ್ಟು ಕಾಯಬೇಕೋ ಗೊತ್ತಿಲ್ಲ ಎಂದರು. ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಹಾಕಿ ನಡೆಯಿರಿ ಎಂದು ಕಳಿಸಿದರು.

ಅಕ್ಕ ಈಗಲೂ ವಾರವಾರ ಬರುತ್ತಾಳೆ. ಮೊದಲಿನಷ್ಟು ಮಾತಿಲ್ಲ, ಬೈಗುಳ ಹೆಚ್ಚಾಗಿದೆ. ಸಂಚಿಯನ್ನು ಅವಳು ಕೇಳಿಲ್ಲ, ನಾನು ಕೊಟ್ಟಿಲ್ಲ. ನನ್ನ ಮಂಚದಿಂದ ಆ ಮೊಳೆಯ ತನಕ ಹೋಗಿ ಬರುವುದೇ ಈಗ ನನ್ನ ದಿನದ ನಡಿಗೆ. ಅಲ್ಲಿಗೆ ಹೋದಾಗ ಒಮ್ಮೊಮ್ಮೆ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಗೋಡೆ ಹಿಡಿದುಕೊಂಡು, ಕಾಲೂರಿ, ಹಿಂದಕ್ಕೆ ತಿರುಗುತ್ತೇನೆ.