ಹುಡುಗಿ ನೋಡಲು ಬಂದವರು

ಇವತ್ತು ಅಕ್ಕನ ಜೊತೆ ಎನ್. ಬೇಗೂರಿನ ಒಂದು ಮನೆಗೆ ಹೋಗಿದ್ದೆ. ಹೊಸ್ತಿಲಲ್ಲೇ ಕೇಸರಿಬಾತಿನ ಘಮ ಬಡಿಯಿತು. ಬಿಳಿಕೆರೆಯ ನಮ್ಮ ಹಳೇ ಅಡುಗೆಮನೆ ಕಣ್ಣಮುಂದೆ ಬಂತು.

ಅಕ್ಕ ಆಗಷ್ಟೇ ಪಿಯುಸಿ ಮುಗಿಸಿದ್ದಳು. ‘ಭಾನ್ವಾರ ಮೈಸೂರಿಂದ ಹುಡುಗಿ ನೋಡಕ್ಕೆ ಬತ್ತಾರಂತೆ ಕಣಣ್ಣ’ ಎಂದು ಅಪ್ಪನಿಗೆ ಬಸ್ ಕಂಡಕ್ಟರ್ ಸುದ್ದಿ ಮುಟ್ಟಿಸಿದ. ಅಷ್ಟೇ ಸಾಕಾಯಿತು. ಅಜ್ಜಿ ಧಾರಾಳವಾಗಿ ತುಪ್ಪ ಸುರಿದು ಕೇಸರಿಬಾತ್ ಮಾಡಿದಳು. ಅವ್ವ ತನ್ನ ರೇಷ್ಮೆ ಸೀರೆ ಉಡಿಸಿದಳು. ಅದು ಅಕ್ಕನ ಕಣಕಾಲನ್ನೂ ಮುಟ್ಟಲಿಲ್ಲ. ಇನ್ನೂ ಓದಬೇಕೆಂದಿದ್ದ ಅಕ್ಕ ಒಲೆ ಮುಂದೆ ಕೂತು ಅಳುತ್ತಿದ್ದಳು.

ಬಂದವರು ನರೆಗೂದಲಿನ ಒಬ್ಬರೇ. ಅಕ್ಕನನ್ನು ನೋಡಿದ್ದೇ, ‘ಹೈಟ್ ಎಷ್ಟಮ್ಮ? ಕೈ ಮೇಲೆತ್ತು, ನೋಡೋಣ’ ಅಂದರು.

ಅಜ್ಜಿ ಸಿಡಿದಳು: ‘ಇದೇನು ಎಮ್ಮೆ ಯಾಪಾರನಾ ಸ್ವಾಮಿ? ಗಂಡೆಲ್ಲಿ?’

‘ಯಾವ ಗಂಡು? ನಾನು ಬಾಸ್ಕೆಟ್‌ಬಾಲ್ ಕೋಚ್ ಕಣಜ್ಜಿ. ಹುಣಸೂರಲ್ಲಿ ಇವಳ ಆಟ ನೋಡಿದ್ದೆ. ನಮ್ಮ ಕಾಲೇಜ್ ಟೀಮಿಗೆ ಬೇಕು. ಓದಿಸ್ತೀವಿ.’

ಅಕ್ಕ ಅಳುತ್ತಲೇ ನಕ್ಕಳು. ಅಪ್ಪ ‘ಸದ್ಯ, ಬದುಕ್ದೆ ಬುಡು’ ಎಂದು ಉಸಿರುಬಿಟ್ಟು, ಬಂದವರಿಗಿಂತ ಮೊದಲು ತಾನೇ ಕೇಸರಿಬಾತಿಗೆ ಕೈ ಹಾಕಿದ.

ಈಗ ಆ ಟೀಮಿಗೆ ಅಕ್ಕನೇ ಕೋಚ್. ಇವತ್ತು ಘಮ ಬಂದದ್ದೇ, ಚಪ್ಪಲಿ ಬಿಡುವ ಮೊದಲೇ ಕೂಗಿದಳು: ‘ಆಟಕ್ಕೆ ಕೇಳಕ್ಕೆ ಬಂದಿರೋದು ಕಣವ್ವಾ, ಮದುವೆಗಲ್ಲ!’

ಒಳಗೆ ಬಳೆಗಳ ಸದ್ದು ನಿಂತಿತು. ಆಮೇಲೆ ಚೆಂಡು ಪುಟಿಯುವ ಸದ್ದು ಕೇಳಿಸಿತು.