ಕುಣಿಮಗ್ಗದ ಫೋಟೊಕ್ಕೆ ಯಾವ ಲೆನ್ಸ್?

2023ರ ಚಳಿಗಾಲ. ರಾಮದುರ್ಗದ ನನ್ನ ಸ್ಟುಡಿಯೊ ಮುಚ್ಚಿ ನಿವೃತ್ತನಾಗಿದ್ದೆ. ಫಿಲ್ಮ್ ಕ್ಯಾಮೆರಾ ಕಲಿಯುವ ಆಸೆಯಿಂದ ಬಂದವರಿಗೆ ಭಾನುವಾರ ಬೆಳಿಗ್ಗೆ ಮಾತ್ರ ಮನೆಯಲ್ಲೇ ಪಾಠ ಹೇಳುತ್ತಿದ್ದೆ. ಅವರಲ್ಲೊಬ್ಬರು ಬೈಲಹೊಂಗಲದ ಬ್ಯಾಂಕ್ ನೌಕರ ಪ್ರಕಾಶ. ಹಳೆಯ ಕ್ಯಾಮೆರಾಕ್ಕೆ 135 ಎಂ.ಎಂ. ಲೆನ್ಸ್ ಕೊಂಡಿದ್ದರು. ಅದು ದೂರದ್ದನ್ನು ಹತ್ತಿರ ತರುತ್ತದೆ, ಆದರೆ ಅದರ ನೋಟ ಕಿರಿದು. ಮುಖವನ್ನಷ್ಟೇ ಸ್ಪಷ್ಟವಾಗಿಟ್ಟು ಹಿಂದಿನದನ್ನೆಲ್ಲ ಮಸುಕು ಮಾಡುವುದು ತಮ್ಮ ಶೈಲಿ ಎನ್ನುತ್ತಿದ್ದರು. ಒಂದು ರೋಲ್ ಕೂಡ ಮುಗಿಸದವರಿಗೆ ಶೈಲಿ ಎಲ್ಲಿಂದ ಬರುತ್ತದೋ ನನಗಂತೂ ತಿಳಿಯದು.

ಅಂಥದೊಂದು ಭಾನುವಾರ ನಮ್ಮೂರಿನ ನೀಲವ್ವ ಬಂದರು. ಆಕೆಯ ಮದುವೆಯ ಫೋಟೊ ತೆಗೆದವನು ನಾನೇ. ಗಂಡ ಈರಪ್ಪ ನೇಕಾರ. ಅವನದು ಕುಣಿಮಗ್ಗ, ಅಂದರೆ ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯುವ ಮಗ್ಗ. ಮರುದಿನ ಅದನ್ನು ಕಿತ್ತು, ತಗ್ಗು ಮುಚ್ಚಿ, ಮಗ ಪವರ್‌ಲೂಮ್ ಕೂಡಿಸುವವನಿದ್ದ.

“ಮಗ್ಗಕ್ಕ ಕುಂತದ್ದು ಇವರದೊಂದು ಫೋಟೋ ಬೇಕ್ರಿ ಕಾಕಾ. ಮೊಬೈಲಿನ್ಯಾಗಿಂದು ಮೊಬೈಲಿನ ಜೋಡೀನ ಹೋತು. ಗ್ವಾಡಿಗೆ ಹಾಕೂದು ಬೇಕು.”

ನನ್ನ ಕೈ ಈಗ ನಡುಗುತ್ತದೆ. ಕೆಲಸ ಪ್ರಕಾಶರಿಗೆ ಒಪ್ಪಿಸಿದೆ. ಮೊದಲು ಜಾಗ ನೋಡಿ, ಆಮೇಲೆ ಲೆನ್ಸ್ ಆರಿಸಿ ಎಂದಿದ್ದೆ. ಅವರು ಈರಪ್ಪನ ಮನೆ ಹೊಗುವ ಮೊದಲೇ 135 ಹಾಕಿಕೊಂಡಿದ್ದರು.

ಮಗ್ಗದ ಕೋಣೆ ಇಕ್ಕಟ್ಟು. ಪ್ರಕಾಶ ಹಿಂದೆ ಸರಿಯುತ್ತ ಹೊಸ್ತಿಲು ದಾಟಿದರು, ಅಂಗಳ ದಾಟಿದರು, ಕೊನೆಗೆ ಓಣಿಯಲ್ಲಿ ನಿಂತರು. ಕ್ಯಾಮೆರಾದೊಳಗೆ ಇಣುಕಿದ ನೀಲವ್ವ ಗಾಬರಿಯಾದರು.

“ಅಯ್ಯ ನಮ್ಮಪ್ಪಾ, ಇವರ ಕಾಲ ಎಲ್ಲಿ ಹೋದೂ?”

ನಮ್ಮ ಕಡೆ ಹಲವು ಮನೆಗಳಲ್ಲಿ, ಗೋಡೆಗೆ ಹಾಕುವ ಪಟದಲ್ಲಿ ಬದುಕಿರುವವರ ಕಾಲು ಕತ್ತರಿಸುವಂತಿಲ್ಲ. ಈರಪ್ಪನ ಕಾಲೋ, ತಗ್ಗಿನೊಳಗೆ!

“ಹಂಗಾರ ಹೊರಗ ಕುರ್ಚಿ ಮ್ಯಾಲೆ ಕುಂದ್ರಸೂಣ್ರಿ ಸರ್. ಕಾಲೂ ಬರತಾವು, ಹಿಂದ ಬ್ಲರ್ರೂ ಚೊಲೋ ಬರತೈತಿ” ಎಂದರು ಪ್ರಕಾಶ.

ನನ್ನ ತಾಳ್ಮೆ ತೀರಿತು. “ಕುರ್ಚಿ ನಾಳೀನೂ ಇರತೈತ್ರಿ. ಮಗ್ಗ ಇರೂದಿಲ್ಲ!”

ನನ್ನ 28 ಎಂ.ಎಂ. ಲೆನ್ಸ್ ಅವರ ಕೈಗಿಟ್ಟೆ. ಅದರಲ್ಲಿ ಇಡೀ ಕೋಣೆ ಹಿಡಿಯುತ್ತದೆ. ಆದರೆ ತೀರಾ ಹತ್ತಿರ ಹೋದರೆ ಮೂಗು ಊದುತ್ತದೆ, ಅಂಚಿಗೆ ಬಂದ ಮುಖ ಎಳೆದಂತಾಗುತ್ತದೆ. ಆದ್ದರಿಂದ ಪ್ರಕಾಶರನ್ನು ಮಗ್ಗದ ಪಕ್ಕಕ್ಕೆ, ಗೋಡೆಗೆ ಬೆನ್ನು ಹತ್ತಿಸಿ ನಿಲ್ಲಿಸಿದೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ತಗ್ಗಿನತ್ತ ಬಾಗಿಸಿದೆವು. ತಗ್ಗಿನೊಳಗೊಂದು ಬಲ್ಬ್ ಇಳಿಬಿಟ್ಟೆ. ಆದರೂ ಬೆಳಕು ಕಡಿಮೆಯೇ. ಶಟರ್ ನಿಧಾನಕ್ಕೆ ಬಿಡಬೇಕಿತ್ತು; ಆಗ ಅಲುಗಿದ್ದೆಲ್ಲ ಮಸುಕಾಗುತ್ತದೆ.

“ಈರಪ್ಪಾ, ಅಲಗಾಡಬ್ಯಾಡಪಾ” ಎಂದೆ.

“ಮಗ್ಗಕ್ಕ ಕುಂತು ಸುಮ್ನಿರಂದ್ರ ಹೆಂಗ್ರಿ ಸಾಹೇಬ್ರ? ಕಾಲು ತಾವ ತುಳೀತಾವು.”

“ಆ ಕಾಲಿನ ಸಲುವಾಗೇ ಇಷ್ಟೆಲ್ಲಾ ಒದ್ದಾಟ ನಡದೈತಿ. ಹಿಡದು ಕುಂದ್ರೋ!”

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಈರಪ್ಪ ನಗು ನುಂಗಿ ಬಿಗಿಯಾದ. ಪ್ರಕಾಶ ಗುಂಡಿ ಒತ್ತಿದರು.

ಪ್ರಿಂಟ್ ಒಯ್ದಾಗ ಆ ತಗ್ಗಿನ ಜಾಗ ಸಿಮೆಂಟ್ ನೆಲವಾಗಿತ್ತು. ನೀಲವ್ವ ಮೊದಲು ಕಾಲು ನೋಡಿ ಸಮಾಧಾನಪಟ್ಟರು. ಈರಪ್ಪ ಮಾತ್ರ ಚಿತ್ರದಲ್ಲಿ ಮಗ್ಗದ ಮೇಲಿದ್ದ ಅರ್ಧ ನೇಯ್ದ ಸೀರೆಯ ಕೊನೆಗೆ ಬೆರಳಿಟ್ಟ.

“ಇಲ್ಲೀತನಕಾ ನೇಯ್ದಿದ್ದೆ ನೋಡ್ರಿ. ಇಲ್ಲೇ ಕೊಯ್ದು ತಗದಿವಿ.”

ಬೆರಳಿನ ಪಕ್ಕದ ಎಳೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

ಲೆನ್ಸ್ ಕೊಳ್ಳುವವರು ತಮ್ಮ ಶೈಲಿಯನ್ನು ವಿಚಾರಿಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಕ್ಯಾಮೆರಾಕ್ಕೆ ಲೆನ್ಸ್ ಹಾಕುವ ಮೊದಲು, ಎದುರಿಗೆ ಕೂತವರು ಏನನ್ನು ಕಳೆದುಕೊಳ್ಳಲಿದ್ದಾರೆ ಎಂದು ಒಮ್ಮೆ ವಿಚಾರಿಸಲಿ. ಅದು ಚಿತ್ರದೊಳಗೆ ಬಾರದಿದ್ದರೆ, ಆ ಲೆನ್ಸ್ ಎಷ್ಟು ಒಳ್ಳೆಯದಾದರೂ ಚೀಲದಲ್ಲೇ ಇರಲಿ.