ವನವಾಸದ ರಾಣಿಗೆ ರೇಷ್ಮೆ ಸೆರಗು

ಕೇಳಿರಯ್ಯಾ ಗೆಳೆಯರೇ! ಇಂದು ಆಟದ ನಡುವೆಯೇ ಇಳಕಲ್ಲಿನ ಸೀರೆ ಸಾವುಕಾರರು ಪರದೆಯ ಮರೆಗೆ ನುಗ್ಗಿದರು. ನಾಟಕ ಕಂಪನಿಯ ಮ್ಯಾನೇಜರನಾದ ನಾನು ಪರದೆಯ ಹಗ್ಗ ಹಿಡಿದು ನಿಂತಿದ್ದೆ. ರಂಗದ ಮೇಲೆ ರಾಣಿಯ ಪಾತ್ರದ ನಮ್ಮ ಮೌಲಾಸಾಬ, ಅದೇ ಸಾವುಕಾರರು ಎರವಲು ಕೊಟ್ಟ ರೇಷ್ಮೆ ಸೆರಗಿನ ಸೀರೆಯುಟ್ಟು ಸಿಂಹಾಸನದಲ್ಲಿ ಕುಳಿತಿದ್ದ.

“ಮುಂದಿನ ಅಂಕದಾಗ ರಾಣಿ ಹರಕ ಸೀರಿ ಉಡ್ತಾಳಂತ, ಖರೆ ಏನ್ರಿ ಮ್ಯಾನೇಜರ್ರ?”

“ಖರೇರಿ ಸಾವ್ಕಾರ್ರ. ರಾಜ್ಯ ಕಳಕೊಂಡು ಕಾಡಿಗಿ ಹೊಂಟಾಳ.”

“ಕಾಡಿಗರೆ ಹೋಗ್ಲಿ, ಬಾವಿಗರೆ ಬೀಳ್ಲಿ! ಕಡೀತನಾ ನನ್ನ ಸೀರಿನ ಉಡಬೇಕು. ಊರ ಮಂದಿ ನೋಡ್ಲಿ ಅಂತನ ಕೊಟ್ಟೇನಿ. ಇಲ್ಲಂದ್ರ ಈಗಿಂದೀಗ ಬಿಚ್ಚಿಸಿ ಕೊಡ್ರಿ!”

ಕಂಪನಿಯಲ್ಲಿ ರಾಣಿಗೊಪ್ಪುವ ಬೇರೆ ಸೀರೆಯಿಲ್ಲ. ಅವರು ಒಯ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಆದರೆ ರೇಷ್ಮೆ ಸೆರಗು ಹೊದ್ದು ಅಡವಿಯಲ್ಲಿ ಗೆಡ್ಡೆ ಅಗೆಯುವ ರಾಣಿಯನ್ನು, ನಾನಿರುವ ತನಕ, ಈ ರಂಗದ ಮೇಲೆ ಯಾರೂ ನೋಡಲಾರರು! ಪಕ್ಕದ ಪರದೆ ಸರಿಸಿ ದಾರಿ ತೋರಿಸಿದೆ.

“ಹೋಗ್ರಿ, ನೀವ ಸೆಳಕೊಳ್ರಿ. ತುಂಬಿದ ಸಭಾದಾಗ ಹೆಣ್ಮಗಳ ಸೀರಿ ಸೆಳಿಯೋ ಪಾತ್ರ ನಮ್ಮ ಆಟದಾಗ ಇದ್ದಿದ್ದಿಲ್ಲ. ನಿಮ್ಮಿಂದ ಅದೂ ಆಗ್ಲಿ!”

ಈ ಮಾತು ಕೇಳಿಸಿದ್ದೇ ತಡ, ಮೌಲಾಸಾಬ ಗಾಬರಿಯಿಂದ ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದ. ಅದನ್ನು ಅಭಿನಯವೆಂದು ತಿಳಿದು ಮಂದಿ ಚಪ್ಪಾಳೆ ತಟ್ಟಿದರು. ಸಾವುಕಾರರು ರಂಗದತ್ತ ಒಂದು ಹೆಜ್ಜೆ ಇಟ್ಟರು, ಮುಂದಿನ ಸಾಲಿನಲ್ಲಿ ಕುಳಿತಿದ್ದ ತಮ್ಮ ಬೀಗರನ್ನು ಕಂಡರು, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದರು.

ರಾಣಿ ಹರಕು ಸೀರೆಯಲ್ಲೇ ಕಾಡಿಗೆ ಹೋದಳು. ನಾಳೆಯೂ ಹಾಗೆಯೇ ಹೋಗುತ್ತಾಳೆ. ಸಾವುಕಾರರಿಗೆಂದು ಆ ಸೀರೆ ಸೆಳೆಯುವ ಪಾತ್ರವನ್ನು ಖಾಲಿ ಇಟ್ಟಿದ್ದೇನೆ. ಧೈರ್ಯವಿದ್ದರೆ ಬಂದು ಬಣ್ಣ ಹಚ್ಚಿಕೊಳ್ಳಲಿ!